ಬೀಳುವ ಮುಂಚಿನ ಮನೆಗಳು

ನವಲಗುಂದ ದಾಟಿದ ಮೇಲೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ರಸ್ತೆಯ ಎರಡೂ ಬದಿಗೆ ಎರೆಭೂಮಿ, ಅಲ್ಲಲ್ಲಿ ಒಂದು ಬೇವಿನ ಮರ, ಆಮೇಲೆ ಬಯಲಿನಿಂದ ದಿಢೀರನೆ ಎದ್ದು ನಿಂತ ನರಗುಂದದ ಗುಡ್ಡ. ಭಾದ್ರಪದದ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹೆಸರು ಕಿತ್ತ ಹೊಲಗಳನ್ನು ಹಿಂಗಾರಿಗೆ ಹದ ಮಾಡುತ್ತಿದ್ದರು. ಇನ್ನೊಂದಿಷ್ಟು ದಿನಕ್ಕೆ ಅಲ್ಲಿ ಕಡಲೆ, ಬಿಳಿಜೋಳ, ಕುಸುಬೆ ಏಳುತ್ತವೆ. ಜೋಳಕ್ಕೆ ಇದಕ್ಕಿಂತ ಒಳ್ಳೆಯ ಮಣ್ಣು ಇಲ್ಲ. ಮಳೆಯ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಬರೀ ಇಬ್ಬನಿಯ ಕಾಲದಲ್ಲೂ ಬೆಳೆ ತೆಗೆದುಕೊಡುತ್ತದೆ. ಮನೆ ಕಟ್ಟುವವನ ಪಾಲಿಗೆ ಮಾತ್ರ ಇದೇ ಮಣ್ಣು ದೊಡ್ಡ ಶತ್ರು. ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುವ ಈ ನೆಲದ ಮೇಲೆ ನಿಂತ ಗೋಡೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಬಂದೇ ಬರುತ್ತದೆ.

ನಾನು ಹೊರಟಿದ್ದು ಮನೆಗಳನ್ನು ನೋಡಲಿಕ್ಕೆ. ಗುಡಿ, ಕೋಟೆಗಳಿಗಾಗಿ ಈ ಸೀಮೆಗೆ ಬರುವವರು ಇದ್ದಾರೆ, ಬರಬೇಕಾದದ್ದೇ. ಆದರೆ ಪ್ರತಿ ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ಸಣ್ಣದೊಂದು ಸುದ್ದಿ ಇರುತ್ತದೆ: ಗೋಡೆ ಕುಸಿತ, ಮಾಳಿಗೆ ಕುಸಿತ, ಮಲಗಿದ್ದವರ ಸಾವು. ಮರುದಿನ ಅಧಿಕಾರಿಗಳ ಭೇಟಿ, ಪರಿಹಾರದ ಆದೇಶ. ಆ ಮನೆ ಬೀಳುವ ಹಿಂದಿನ ದಿನ ಹೇಗಿತ್ತು, ಹಿಂದಿನ ವರ್ಷ ಹೇಗಿತ್ತು, ಅದರೊಳಗಿದ್ದವರು ಏನು ಮಾಡಬೇಕೆಂದುಕೊಂಡಿದ್ದರು ಎಂಬುದು ಸುದ್ದಿಯಲ್ಲಿ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಅದು.

ನರಗುಂದ ಹೋರಾಟದ ಊರು. 1858ರಲ್ಲಿ ಇಲ್ಲಿಯ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. 1980ರ ಜುಲೈನಲ್ಲಿ ನೀರಾವರಿ ಕರದ ವಿರುದ್ಧ ರೈತರು ಎದ್ದು ಗುಂಡಿಗೆ ಎದೆಯೊಡ್ಡಿದರು. 2015ರಿಂದ ಮಹದಾಯಿ ನೀರಿಗಾಗಿ ಪೇಟೆಯ ನಡುವೆ ವರ್ಷಗಟ್ಟಲೆ ಧರಣಿ ಕೂತರು. ಈ ಹೋರಾಟಗಳ ಹೆಸರು ನಾಡಿಗೆಲ್ಲ ಗೊತ್ತು. ಹಳೆಯ ಓಣಿಗಳಲ್ಲಿ ನಡೆಯುತ್ತಿರುವ ಇನ್ನೊಂದು ಸಂಗತಿ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಮನೆಗಳ ಕೆಳಗಿನ ನೆಲವೇ ಕುಸಿಯುತ್ತಿದೆ. 2019ರ ನಂತರದ ಮಳೆಗಾಲಗಳಲ್ಲಿ ಕಸಬಾ ಮತ್ತು ಸುತ್ತಲಿನ ಓಣಿಗಳಲ್ಲಿ ಪಡಸಾಲೆಯ ನಡುವೆ, ಅಡಿಗೆಮನೆಯ ಮೂಲೆಯಲ್ಲಿ, ರಸ್ತೆಯ ಮೇಲೆ ಬಾವಿಯಂಥ ಗುಂಡಿಗಳು ಬಾಯಿಬಿಟ್ಟವು. ಭೂವಿಜ್ಞಾನಿಗಳು ಬಂದು ನೋಡಿದರು. ಊರವರೂ, ಬಂದು ನೋಡಿದವರೂ ಬೆರಳು ತೋರಿಸಿದ್ದು ಎರಡು ಕಾರಣಗಳಿಗೆ: ಒಂದು ನೆಲದಡಿಯ ಕಾಳಿನ ಕಣಜವಾದ ಹಗೇವು, ಇನ್ನೊಂದು ಏರಿದ ಅಂತರ್ಜಲ.

ಹಗೇವು ಕಂಡವರು ಈಗ ಕಡಿಮೆ. ಬಾಯಿ ಕಿರಿದು, ಒಳಗೆ ಮನುಷ್ಯ ನಿಂತು ಓಡಾಡುವಷ್ಟು ಅಗಲ. ಒಳಮೈಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯಬಾರದು, ವಿಷಗಾಳಿ ತುಂಬಿರುತ್ತದೆ ಎಂಬುದನ್ನು ಇಲ್ಲಿಯ ಪ್ರತಿ ಹಿರಿಯರೂ ಹೇಳುತ್ತಾರೆ. ಬರಗಾಲವನ್ನು ಬಲ್ಲ ಸೀಮೆಯ ಜಾಣತನ ಅದು. ಆಮೇಲೆ ಚೀಲಗಳು ಬಂದವು, ಮಾರುಕಟ್ಟೆ ಬಂತು, ಹಗೇವು ಖಾಲಿ ಉಳಿದವು. ಮನೆತನಗಳು ಒಡೆದವು, ಜಾಗ ಕೈ ಬದಲಾಯಿತು, ಖಾಲಿ ಹಗೇವಿನ ಮೇಲೆ ಗೋಡೆ ಎದ್ದಿತು. ಮಲಪ್ರಭಾ ಬಲದಂಡೆ ಕಾಲುವೆ ಹೊಲಗಳಿಗೆ ಬಂದ ಮೇಲೆ ನೆಲದೊಳಗಿನ ನೀರೂ ಮೇಲಕ್ಕೆ ಬಂತು. ಒಣನೆಲದಲ್ಲಿ ತಲೆಮಾರುಗಳಿಂದ ಗಟ್ಟಿಯಾಗಿ ನಿಂತಿದ್ದ ಪೊಳ್ಳು ಈಗ ತೊಯ್ದು ಸಡಿಲವಾಗುತ್ತಿದೆ.

ಒಂದು ಮನೆಯ ಯಜಮಾನರು ನಡುಮನೆಗೆ ಕರೆದೊಯ್ದು ತೋರಿಸಿದರು. ಗುಂಡಿ ಮುಚ್ಚಿಸಿದ್ದರು, ಮೇಲೆ ಹೊಸ ಫರಸಿಯ ಬಣ್ಣ ಹಳೆಯದಕ್ಕೆ ಹೊಂದುತ್ತಿರಲಿಲ್ಲ. "ಕೆಳಗ ಹಗೇವು ಐತಿ ಅನ್ನೂದು ನಮ್ಮ ಅಪ್ಪಗೂ ಗೊತ್ತಿರಲಿಲ್ಲರಿ. ನಾವು ಇದರ ಮ್ಯಾಲೆ ಲಗ್ನದ ಊಟಾ ಬಡಿಸೇವಿ" ಎಂದರು. ಎಷ್ಟು ಟ್ರ್ಯಾಕ್ಟರ್ ಗರಸು ನುಂಗಿತು ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಮಕ್ಕಳನ್ನು ಈಗಲೂ ಆ ಕೋಣೆಯಲ್ಲಿ ಮಲಗಿಸುವುದಿಲ್ಲ. ಅವರ ಮನೆ ಕಟ್ಟಿದ ರೀತಿಯಲ್ಲಿ ದೋಷವಿರಲಿಲ್ಲ. ಗೋಡೆ ಗಟ್ಟಿ, ಛಾವಣಿ ಆರ್‌ಸಿಸಿ, ಶೌಚಾಲಯವಿದೆ, ನಲ್ಲಿಯಿದೆ. 2011ರ ಜನಗಣತಿಯವರು ಮನೆಗಳನ್ನು ಚೆನ್ನಾಗಿರುವುದು, ವಾಸಯೋಗ್ಯ, ಶಿಥಿಲ ಎಂದು ಮೂರು ಬಗೆ ಮಾಡಿಕೊಂಡಿದ್ದರು. ಆ ಪಟ್ಟಿಯ ಪ್ರಕಾರ ಈ ಮನೆ ಮೊದಲನೆಯ ಸಾಲಿಗೇ ಸೇರುತ್ತದೆ. ಗೋಡೆ, ಛಾವಣಿ, ನೆಲಹಾಸು ನೋಡಿ ಬರೆದುಕೊಳ್ಳುವ ಲೆಕ್ಕಕ್ಕೆ ಮನೆಯ ಅಡಿಯಲ್ಲಿರುವುದು ಕಾಣುವುದಿಲ್ಲ. ನರಗುಂದಕ್ಕೆ ಬೇಕಾಗಿರುವುದು ಓಣಿ ಓಣಿಯ ಹಗೇವುಗಳ ನಕ್ಷೆ. ಜಾಗ ಬಲ್ಲ ಮುದುಕರು ಇನ್ನೂ ಇರುವಾಗಲೇ ಅವರನ್ನು ಕೂರಿಸಿಕೊಂಡು ಗುರುತು ಹಾಕಿಸಬೇಕು. ನೀರು ಬಸಿದು ಹೋಗಲು ಕಾಲುವೆ ತೋಡುವುದು ದೊಡ್ಡ ಕೆಲಸ, ದುಡ್ಡಿನ ಕೆಲಸ. ಈ ಗುರುತು ಹಾಕುವ ಕೆಲಸಕ್ಕೆ ಅಷ್ಟು ದುಡ್ಡು ಬೇಡ.

ನರಗುಂದದಿಂದ ವಿಜಯಪುರದ ಹೆದ್ದಾರಿ ಹಿಡಿದರೆ ಕೊಣ್ಣೂರು, ಅದರ ಸೆರಗಿಗೆ ಮಲಪ್ರಭೆ. 2019ರ ಆಗಸ್ಟ್ ಎರಡನೇ ವಾರ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಈ ಹೆದ್ದಾರಿಯನ್ನೇ ಕಡಿದು ಹಾಕಿತು. ಪಕ್ಕದ ಲಖಮಾಪುರ ನಡುಗಡ್ಡೆಯಾಯಿತು. ಬೇಸಿಗೆಯಲ್ಲಿ ನೋಡಿದರೆ ಈ ಹೊಳೆ ಇಷ್ಟು ದೊಡ್ಡದಾಗಬಲ್ಲದು ಎಂದು ಯಾರೂ ನಂಬುವುದಿಲ್ಲ. ಪಾತ್ರದ ತುಂಬ ಹೂಳು, ದಂಡೆಯ ತುಂಬ ಬಳ್ಳಾರಿ ಜಾಲಿ, ಒತ್ತುವರಿಯಾದ ಹೊಲ. ಹರಿಯಲು ಜಾಗ ಇಲ್ಲದ ನೀರು ಊರಿಗೆ ನುಗ್ಗುತ್ತದೆ. ಅತ್ತ ಹುಬ್ಬಳ್ಳಿ, ಕುಂದಗೋಳ, ನವಲಗುಂದ ಸೀಮೆಯ ಮಳೆಯನ್ನೆಲ್ಲ ಹೊತ್ತು ತರುವ ಬೆಣ್ಣೆಹಳ್ಳ ರೋಣ ತಾಲ್ಲೂಕಿನ ಮೆಣಸಗಿ ಬಳಿ ಇದೇ ಹೊಳೆಗೆ ಸೇರುತ್ತದೆ. ಎರಡೂ ಒಮ್ಮೆಗೇ ತುಂಬಿ ಬಂದಾಗ ಆ ದಂಡೆಯ ಊರುಗಳು ನೀರಿನ ನಡುವೆ ನಿಲ್ಲುತ್ತವೆ.

ಮಣ್ಣಿನ ಗೋಡೆಗೆ ಮಳೆಗಿಂತ ನಿಂತ ನೀರು ಕೆಟ್ಟದ್ದು. ಮಳೆ ಹೊರಮೈಯನ್ನು ತೊಳೆಯುತ್ತದೆ, ನಿಂತ ನೀರು ಬುಡವನ್ನೇ ಕರಗಿಸುತ್ತದೆ. ಹೊಳೆ ಇಳಿದ ಮೇಲೆಯೇ ಹೆಚ್ಚು ಮನೆಗಳು ಬಿದ್ದವು ಎಂದು ಲಖಮಾಪುರದವರು ಹೇಳಿದರು. ಬಿಸಿಲು ಬಂತು, ತೊಯ್ದ ಗೋಡೆ ಹೊರಗಿನಿಂದ ಒಣಗಿ ಒಳಗೆ ಹಸಿಯಾಗಿಯೇ ಉಳಿಯಿತು, ಮೇಲಿನ ಭಾರಕ್ಕೆ ಬುಡ ಜಾರಿತು. ನೀರು ಹೋಯಿತಲ್ಲ ಎಂದು ಒಳಗೆ ಬಂದು ಕೆಸರು ಬಳಿಯುತ್ತಿದ್ದ ಹೊತ್ತು ಅದು.

ಆಮೇಲೆ ಸಮೀಕ್ಷೆಯ ಕಾಲ. ಪೂರ್ತಿ ಬಿದ್ದ ಮನೆ 'ಎ', ಅರ್ಧಂಬರ್ಧ ಬಿದ್ದದ್ದು 'ಬಿ', ಸ್ವಲ್ಪ ಹಾನಿಯಾದದ್ದು 'ಸಿ'. ಆಗಿನ ಕೇಂದ್ರದ ವಿಕೋಪ ನಿಯಮದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 95,100 ರೂಪಾಯಿ ಇತ್ತು, ಭಾಗಶಃ ಹಾನಿಯಾದ ಕಚ್ಚಾ ಮನೆಗೆ 3,200. ಅದರಿಂದ ಏನೂ ಆಗದೆಂದು ಅರಿತು ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ 'ಎ' ವರ್ಗಕ್ಕೆ 5 ಲಕ್ಷ ಎಂದಿತು. 'ಬಿ' ವರ್ಗದವರಿಗೆ ಕೆಡವಿ ಕಟ್ಟುವುದಾದರೆ 5 ಲಕ್ಷ, ದುರಸ್ತಿಗೆ 3 ಲಕ್ಷ. 'ಸಿ' ವರ್ಗಕ್ಕೆ 50 ಸಾವಿರ. ಅದು ದೊಡ್ಡ ನಿರ್ಧಾರ, ಅದರಿಂದ ಸಾವಿರಾರು ಕುಟುಂಬಗಳು ಮತ್ತೆ ಗೋಡೆ ಎಬ್ಬಿಸಿದವು, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಊರೊಳಗೆ ಅದು ಇನ್ನೊಂದು ಲೆಕ್ಕವನ್ನೂ ಕಲಿಸಿತು. ಒಂದೇ ಸಾಲಿನಲ್ಲಿ ಅಂಟಿಕೊಂಡಿದ್ದ ಎರಡು ಮನೆಗಳಲ್ಲಿ ಒಂದರ ಗೋಡೆ ಬಿತ್ತು, ಒಂದರದು ಬಿರುಕು ಬಿಟ್ಟು ನಿಂತಿತು. ನಿಂತ ಮನೆಯವರು ತಮ್ಮದೂ ಬೀಳಬೇಕಿತ್ತು ಎಂದುಕೊಂಡರು. ಬಿದ್ದ ಮನೆಗೆ ಹೊಸ ಬುನಾದಿ ಬಂತು. ನಿಂತ ಮನೆ ಅದೇ ಬಿರುಕಿನೊಂದಿಗೆ ಮುಂದಿನ ಮಳೆಗಳನ್ನು ಎದುರಿಸುತ್ತಿದೆ.

ಈ ಇಡೀ ಪಯಣದಲ್ಲಿ ನನ್ನನ್ನು ಬಿಡದೆ ಕಾಡಿದ ಮಾತು ಇದು. ಬಿದ್ದ ಮನೆಗೆ ನಮ್ಮಲ್ಲಿ ದುಡ್ಡಿದೆ, ನಮೂನೆಯಿದೆ, ಅಧಿಕಾರಿ ಇದ್ದಾರೆ. ಬೀಳುತ್ತಿರುವ ಮನೆಗೆ ಏನೂ ಇಲ್ಲ.

ಯಾವಗಲ್ ಮೇಲೆ ಹಾದು ರೋಣದ ಕಡೆ ತಿರುಗಿದಾಗ ಹೊಳೆದಂಡೆಯ ಒಂದು ಊರಿನ 'ಆಸರೆ' ಮನೆಗಳನ್ನು ನೋಡಲು ಹೋದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಪ್ರವಾಹದಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಸರ್ಕಾರ ದಾನಿಗಳ ಜತೆ ಸೇರಿ ಎತ್ತರದ ಜಾಗದಲ್ಲಿ ಹೊಸ ಊರುಗಳನ್ನೇ ಕಟ್ಟಿಸಿತು. ಹೊಳೆಆಲೂರು ಸುತ್ತಿನ ಹಳ್ಳಿಗಳಿಗೂ ಅಂಥ ಮನೆಗಳು ಬಂದವು. ಎಷ್ಟೋ ಕಡೆ ಜನ ವರ್ಷಗಟ್ಟಲೆ ಅಲ್ಲಿಗೆ ಹೋಗಲಿಲ್ಲ. ನಾನು ನೋಡಿದ ಕಡೆಯೂ ಸಾಲುಮನೆಗಳ ನಡುವೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಕೆಲವು ಮನೆಗಳಿಗೆ ಬಾಗಿಲು ಇತ್ತು, ಕೆಲವಕ್ಕೆ ಚೌಕಟ್ಟೂ ಇರಲಿಲ್ಲ. ಒಂದಿಷ್ಟು ಮನೆಗಳಲ್ಲಿ ಸಂಸಾರ ನಡೆದಿತ್ತು, ಅಂಗಳಕ್ಕೆ ಸಾರಿಸಿ ರಂಗೋಲಿ ಹಾಕಿದ್ದರು.

ಜನರಿಗೆ ಹಳೆಯ ಊರಿನ ವ್ಯಾಮೋಹ ಎಂದು ಪಟ್ಟಣದವರು ಹೇಳುವುದನ್ನು ಕೇಳಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಹುಲ್ಲಿನ ಹೊರೆ ಇಳಿಸುತ್ತಿದ್ದ ಒಬ್ಬ ತಾಯಿಯನ್ನು ಮಾತಿಗೆಳೆದೆ. ದಿನಾ ಹಳೆಯ ಊರಿಗೂ ಇಲ್ಲಿಗೂ ಓಡಾಡುವವರು ಅವರು. "ಇಲ್ಲಿ ಎರಡು ಖೋಲಿ ಅದಾವು ತಮ್ಮಾ. ನಾವು ಹಿರ್ಯಾ ಕಿರ್ಯಾ ಸೇರಿ ಮೂರು ಒಲಿ. ಎತ್ತು ಎಲ್ಲಿ ಕಟ್ಟೂಣು? ಹೊಟ್ಟು ಎಲ್ಲಿ ತುಂಬೂಣು? ಎಮ್ಮಿ ಆಕಡೆ, ನಾವು ಈಕಡೆ ಮಲಗಿದ್ರ ನಿದ್ದಿ ಹತ್ತತೈತೇನು?" ಎಂದರು. ಒಂದು ಮನೆಯಲ್ಲಿದ್ದ ಮೂರು ಒಲೆಗೆ ಸಿಕ್ಕಿದ್ದು ಒಂದು ಆಸರೆ. ಹಕ್ಕುಪತ್ರದ ತಕರಾರು ಬೇರೆ, ಕುಡಿಯುವ ನೀರಿನ ತಕರಾರು ಬೇರೆ. ರೈತನ ಮನೆಯಲ್ಲಿ ಮೊದಲ ಅಂಕಣ ದನದ್ದು, ಅದರ ಮಗ್ಗುಲಿಗೆ ಪಡಸಾಲೆ, ಆಮೇಲೆ ನಡುಮನೆ, ಅಡಿಗೆಮನೆ. ದನವನ್ನು ತೆಗೆದುಹಾಕಿ ಕಟ್ಟಿದ ಮನೆ ಆ ಕುಟುಂಬದ ಜೀವನೋಪಾಯವನ್ನೇ ಹೊರಗೆ ನಿಲ್ಲಿಸಿದಂತೆ. 2019ರಲ್ಲಿ ನೀರು ಮತ್ತೆ ಬಂದಾಗ ಇದೇ ಜನ ಇದೇ ಮನೆಗಳಿಗೆ ಓಡಿಬಂದು ಜೀವ ಉಳಿಸಿಕೊಂಡರು. ಎತ್ತರದ ಜಾಗ ಆರಿಸಿದ್ದು ತಪ್ಪಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಮನೆಯ ನಕ್ಷೆ ಬರೆಯುವ ಮುಂಚೆ ಈ ತಾಯಿಯಂಥವರನ್ನು ಕೇಳಿದ್ದರೆ ಒಂದು ದನದ ಅಂಕಣ, ಒಂದು ಹಿತ್ತಲು ಸೇರುತ್ತಿತ್ತು. ಮನೆಗಳು ತುಂಬುತ್ತಿದ್ದವು.

ರೋಣಕ್ಕೆ ದ್ರೋಣಪುರವೆಂಬ ಹಳೆಯ ಹೆಸರಿದೆ, ಭೀಮಸೇನ ಜೋಶಿಯವರು ಹುಟ್ಟಿದ ಊರೆಂಬ ಹೆಮ್ಮೆಯಿದೆ. ನನ್ನ ಕೆಲಸ ಇದ್ದದ್ದು ಒಬ್ಬ ಗೌಂಡಿಯವರ ಹತ್ತಿರ. ಎಪ್ಪತ್ತು ದಾಟಿದವರು, ತಾಲ್ಲೂಕಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯಿಂದ ಹಿಡಿದು ಕಾಂಕ್ರೀಟಿನ ತನಕ ಎಲ್ಲ ಕಟ್ಟಿದವರು. ಅವರು ತಮ್ಮ ಸೋದರಮಾವನ ಮನೆಯನ್ನು ತೋರಿಸುತ್ತೇನೆಂದು ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋದರು. ಆರು ಅಂಕಣದ ಮಾಳಿಗೆ ಮನೆ. ಸಾಗವಾನಿ ಕಂಬ, ಬೇವಿನ ಜಂತಿ, ಎರಡು ಮೊಳಕ್ಕೂ ಹೆಚ್ಚು ದಪ್ಪದ ಮಣ್ಣಿನ ಗೋಡೆ. ಹೊರಗೆ ಸೆಕೆ, ಒಳಗೆ ಕಾಲಿಟ್ಟರೆ ತಂಪು. ಮೇಲಿನ ಬೆಳಕಿಂಡಿಯಿಂದ ಇಳಿದ ಬಿಸಿಲು ನಡುಮನೆಯ ಫರಸಿಯ ಮೇಲೆ ಬಿದ್ದಿತ್ತು.

ಏಣಿ ಹಾಕಿ ಮಾಳಿಗೆ ಹತ್ತಿಸಿದರು. ಅಲ್ಲಿ ನಿಂತು ಅವರು ಹೇಳಿದ್ದು ಒಂದು ಪಾಠವೇ. ಜಂತಿಯ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಸವಳು ಮಣ್ಣು ನೀರನ್ನು ಒಳಗೆ ಬಿಡದೆ ಜಾರಿಸುತ್ತದೆ, ಆದರೆ ಪ್ರತಿ ಮಳೆಗೂ ತಾನೇ ಸ್ವಲ್ಪ ತೊಳೆದು ಹೋಗುತ್ತದೆ. ಆದ್ದರಿಂದ ಪ್ರತಿ ವರ್ಷ ರೋಹಿಣಿ ಮಳೆಯ ಮುಂಚೆ ಹೊಸ ಸವಳು ತಂದು ಹರಡಿ ಬಡಿಯಬೇಕು, ನೀರು ಹೋಗುವ ದೋಣಿಯ ಬಾಯಿ ಬಿಡಿಸಬೇಕು, ಇಲಿಯ ತೂತು ಮುಚ್ಚಬೇಕು, ಹುಲ್ಲು ಕಿತ್ತು ಹಾಕಬೇಕು. ಹಳೆಯದನ್ನು ಕೆರೆದು ತೆಗೆದೇ ಹೊಸದು ಹಾಕಬೇಕು, ಅದು ಮುಖ್ಯ. ಕೆರೆಯದೆ ಹಾಕುತ್ತ ಹೋದರೆ ಮಣ್ಣು ಏರುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಒಂದು ಅಂಕಣದ ಮೇಲೆ ಒಂದು ಅಡಿ ಮಣ್ಣಿದ್ದರೆ ಅದರ ತೂಕ ಹತ್ತಿರ ಹತ್ತಿರ ಐದು ಟನ್. ಜಡಿಮಳೆಯಲ್ಲಿ ತೊಯ್ದರೆ ಇನ್ನೂ ಹೆಚ್ಚು. ಆ ಭಾರ ಹೊರುವ ಜಂತಿಯ ತುದಿ ಗೋಡೆಯೊಳಗೆ ಕಣ್ಣಿಗೆ ಕಾಣದಂತೆ ಹುದುಗಿರುತ್ತದೆ, ಗೆದ್ದಲು ಹಿಡಿಯುವುದೂ ಅಲ್ಲೇ.

"ಮನಿ ಒಮ್ಮೆಲೇ ಬೀಳಂಗಿಲ್ರಿ" ಎಂದರು ಗೌಂಡಿಯವರು. "ಮದ್ಲ ಹೇಳತೈತಿ. ಬಾಗಲಾ ಚೌಕಟ್ಟಿಗೆ ಹತ್ತತೈತಿ. ರಾತ್ರಿ ಜಂತಿ ಟಪ್ ಅಂತೈತಿ. ಅನ್ನದ ತಾಟಿನ್ಯಾಗ ಮಣ್ಣು ಉದರತೈತಿ. ಇಷ್ಟೆಲ್ಲಾ ಹೇಳಿದ ಮ್ಯಾಲೆ ಬೀಳತೈತಿ."

ಮನೆ ಹೇಳಿದ್ದು ಕೇಳಿಸದೆ ಜನ ಸುಮ್ಮನಿದ್ದಾರೆಂದಲ್ಲ. ಆ ಆರು ಅಂಕಣದ ಮನೆ ಈಗ ನಾಲ್ವರ ಪಾಲು. ಇಬ್ಬರು ಇಲ್ಲೇ ಇದ್ದಾರೆ, ಒಬ್ಬ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ, ಒಬ್ಬ ಮಂಗಳೂರಿನಲ್ಲಿ. ಹೋದವರ ಅಂಕಣಗಳಿಗೆ ಬೀಗ. ಬೀಗ ಹಾಕಿದ ಅಂಕಣದ ಮಾಳಿಗೆ ಸೋರಿದರೆ ಯಾರಿಗೂ ತಿಳಿಯದು, ಆದರೆ ಗೋಡೆ ಇಬ್ಬರದ್ದೂ. ಮೊದಲು ಮನೆಯ ಹತ್ತು ಜನ, ಸ್ವಂತ ಚಕ್ಕಡಿ, ಸ್ವಂತ ಎತ್ತು ಸೇರಿ ಒಂದು ದಿನದಲ್ಲಿ ಮುಗಿಸುತ್ತಿದ್ದ ಸವಳಿನ ಕೆಲಸಕ್ಕೆ ಈಗ ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ. ಜಂತಿ ಬದಲಿಸಬೇಕೆಂದರೆ ಕಟ್ಟಿಗೆಯ ಬೆಲೆ ಕೇಳಿಯೇ ಕೈಬಿಡುತ್ತಾರೆ. ಕೊನೆಗೆ ಮಾಳಿಗೆಯ ಮೇಲೆ ಒಂದು ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಕಲ್ಲು ಹೇರುತ್ತಾರೆ. ಆ ಮನೆಯ ಮೇಲೂ ನೀಲಿ ತಾಡಪತ್ರಿ ಇತ್ತು. ಮನೆ ಕೆಡುವುದಕ್ಕೆ ಮಣ್ಣನ್ನು ದೂರುವುದು ಸುಲಭ, ಆದರೆ ಆ ಮಣ್ಣನ್ನು ವರ್ಷ ವರ್ಷ ನೋಡಿಕೊಳ್ಳುತ್ತಿದ್ದ ಕೈಗಳು ಚದುರಿವೆ.

ಹಾಗಾದರೆ ಹೊಸ ಮನೆ ಕಟ್ಟಿಕೊಳ್ಳಲಿ ಎನ್ನಬಹುದು. 1972ರ ಸುಮಾರಿನ ಜನತಾ ಮನೆಗಳಿಂದ ಹಿಡಿದು ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಅಂಬೇಡ್ಕರ್ ನಿವಾಸ್ ತನಕ ಕರ್ನಾಟಕ ಮನೆ ಕೊಡುತ್ತಲೇ ಬಂದಿದೆ. ಬೇರೆ ಎಷ್ಟೋ ರಾಜ್ಯಗಳಿಗಿಂತ ಈ ವಿಷಯದಲ್ಲಿ ನಾವು ಮುಂದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ 1.20 ಲಕ್ಷ ಕೊಡುತ್ತದೆ. ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಯಾರಿಗೆ ಕೊಡಬೇಕೆಂಬ ಅಳತೆ ಹೀಗಿದೆ: ಮನೆಯೇ ಇಲ್ಲದವರು, ಇಲ್ಲವೇ ಕಚ್ಚಾ ಗೋಡೆ ಕಚ್ಚಾ ಛಾವಣಿಯ ಎರಡು ಕೋಣೆಯೊಳಗಿನ ಮನೆಯವರು. ಅಜ್ಜನ ಹೆಸರಿನಲ್ಲೇ ಉಳಿದ ಆರು ಅಂಕಣದ ಮಾಳಿಗೆ ಮನೆ ಈ ಅಳತೆಯಲ್ಲಿ ದೊಡ್ಡಮನೆ. ಪಾಲಾದದ್ದು ಬಾಯಿಮಾತಿನಲ್ಲಿ, ಕಾಗದದಲ್ಲಿ ಅಲ್ಲ. ಇ-ಸ್ವತ್ತಿನ ಉತಾರ ತಮ್ಮ ಹೆಸರಿಗೆ ಆಗಬೇಕಾದರೆ ಗೋವಾದವನೂ ಮಂಗಳೂರಿನವನೂ ಬಂದು ಸಹಿ ಹಾಕಬೇಕು. ಮನೆಯಲ್ಲಿ ಮೋಟರ್ ಸೈಕಲ್ ಇದ್ದರೆ ಪಟ್ಟಿಯಿಂದ ಹೊರಗೆ ಎಂಬ ನಿಯಮವೂ ಬಹಳ ಕಾಲ ಇತ್ತು, 2024ರಲ್ಲಿ ಅದನ್ನು ಸಡಿಲಿಸಿದರು. ಹಾಲು ಹಾಕಲು ಊರಿಂದೂರಿಗೆ ಹೋಗುವ ಹುಡುಗ ಸಾಲ ಮಾಡಿ ಕೊಂಡ ಹಳೆಯ ಗಾಡಿ ಅವನ ಮನೆಯ ಮಾಳಿಗೆಯನ್ನು ಒಂದು ಬೊಗಸೆಯೂ ಹಗುರ ಮಾಡಿರಲಿಲ್ಲ.

ಯೋಗ್ಯ ವಸತಿಗೆ ವಿಶ್ವಸಂಸ್ಥೆಯ ವಸತಿ ವಿಭಾಗ ಐದು ಮಾತು ಹೇಳುತ್ತದೆ: ಬಾಳಿಕೆಯ ಕಟ್ಟಡ, ಸಾಕಷ್ಟು ಜಾಗ, ಶುದ್ಧ ನೀರು, ಶೌಚದ ವ್ಯವಸ್ಥೆ, ಎಬ್ಬಿಸಲಾರರೆಂಬ ಭರವಸೆ. 1995ರಲ್ಲಿ ಚಮೇಲಿ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ತಲೆಯ ಮೇಲಿನ ಸೂರಷ್ಟೇ ಆಶ್ರಯವಲ್ಲ, ಗಾಳಿ, ಬೆಳಕು, ನೀರು, ನೈರ್ಮಲ್ಯ, ರಸ್ತೆ ಎಲ್ಲ ಸೇರಿ ಬದುಕುವ ಹಕ್ಕಿನ ಭಾಗ ಎಂದಿತು. ಈ ಮಾತುಗಳು ದೊಡ್ಡವು, ಬೇಕಾದವು. ಗೌಂಡಿಯವರ ಪಕ್ಕ ಮಾಳಿಗೆಯ ಮೇಲೆ ನಿಂತಾಗ ಆರನೆಯದೊಂದನ್ನು ಸೇರಿಸಬೇಕೆನ್ನಿಸಿತು: ವರ್ಷ ವರ್ಷದ ದುರಸ್ತಿಗೆ ಬೇಕಾದ ಕೈ ಮತ್ತು ಕಾಸು. ಹೊಸ ಮನೆ ಕಟ್ಟುವವರಿಗೆ ಉದ್ಯೋಗ ಖಾತ್ರಿಯ 90 ದಿನದ ಕೂಲಿ ಸೇರಿಸುವ ಏರ್ಪಾಡನ್ನು 2016ರಲ್ಲೇ ಮಾಡಿದ್ದರು. ಮೇ ತಿಂಗಳಲ್ಲಿ ಊರಿನ ಮಾಳಿಗೆಗಳ ಹಳೆಯ ಮಣ್ಣು ಕೆರೆದು ಹಗುರ ಮಾಡುವುದಕ್ಕೂ ಅಂಥದೇ ಏರ್ಪಾಡು ಯಾಕಿರಬಾರದು? ಪಂಚಾಯ್ತಿಯವರು ಒಬ್ಬ ಗೌಂಡಿಯನ್ನು ಕರೆದುಕೊಂಡು ಮಳೆಗಾಲದ ಮುಂಚೆ ಮನೆ ಮನೆ ಸುತ್ತಿದರೆ, ಯಾವ ಬಾಗಿಲು ಹತ್ತುತ್ತಿದೆ, ಯಾವ ಜಂತಿ ಬಾಗಿದೆ ಎಂದು ಬರೆದುಕೊಂಡರೆ, ಅರ್ಧ ಸಾವುಗಳಾದರೂ ತಪ್ಪುತ್ತವೆ ಎಂದು ಆ ಗೌಂಡಿಯವರೇ ಹೇಳಿದರು. ನನಗೂ ಹಾಗೇ ಅನಿಸುತ್ತದೆ.

ಕಟ್ಟುವ ವಿದ್ಯೆಯ ಬಗ್ಗೆ ಅವರ ಹತ್ತಿರ ಇನ್ನೂ ಬಹಳ ಇತ್ತು. ಎರೆಯನ್ನು ಗಟ್ಟಿನೆಲ ಸಿಗುವ ತನಕ ತೆಗೆದು ಗರಸು ತುಂಬಿ ನೀರು ಕುಡಿಸಿ ಬಡಿಯಬೇಕು, ಆ ಮೇಲೆ ಬುನಾದಿ. ಗೋಡೆಯ ಬುಡದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಎಳೆಯಬೇಕು, ಆಗ ನೆಲ ಒಂದು ಕಡೆ ಉಬ್ಬಿದರೂ ಗೋಡೆ ಬಿರಿಯದು. 1.20 ಲಕ್ಷದಲ್ಲಿ ಇದೆಲ್ಲ ಆಗುವುದಿಲ್ಲ, ದುಡ್ಡು ಬುನಾದಿಯಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ತಗಡು. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಕೂರುವುದು ಯಾರಿಂದಲೂ ಆಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ರೂಪಿಸಿದರು. ಮಣ್ಣಿನ ತಂಪೂ ಉಳಿಯುತ್ತದೆ, ಮಳೆಗೂ ಕರಗದು. ಆದರೆ ಅದು ಮರಳು ಬೆರೆತ ಕೆಂಪು ಮಣ್ಣಿಗೆ ಒಗ್ಗಿದಷ್ಟು ಎರೆಗೆ ಒಗ್ಗುವುದಿಲ್ಲ. ಎರೆಗೆ ಸುಣ್ಣ ಬೇಕು. ಹಿಂದಿನವರು ಗಚ್ಚಿಗೆ ಸುಣ್ಣ ಬಳಸುತ್ತಿದ್ದದ್ದನ್ನು ಗೌಂಡಿಯವರು ಕಂಡಿದ್ದರು. ಗದಗ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಇಂಥವರ ಜತೆ ಒಂದು ಬೇಸಿಗೆ ಕಳೆದರೆ ಇಬ್ಬರಿಗೂ ಲಾಭ.

ಸೂಡಿಯ ದಾರಿಯಾಗಿ ಗಜೇಂದ್ರಗಡಕ್ಕೆ ಹೋದೆ. ಸೂಡಿಯ ನಾಗಕುಂಡ, ಜೋಡುಕಳಸದ ಗುಡಿ ಚಾಲುಕ್ಯರ ಕಾಲದವು, ನೋಡುವ ಕಣ್ಣಿಗೆ ಹಬ್ಬ. ನಿಲ್ಲಲು ಹೊತ್ತಿರಲಿಲ್ಲ. ಮುಂದೆ ಹೋದಂತೆ ಎರೆ ಕಡಿಮೆಯಾಗಿ ಕಲ್ಲು ಏಳುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು, ಬೆಟ್ಟದ ಮಗ್ಗುಲಲ್ಲಿ ಕಾಲಕಾಲೇಶ್ವರ. ಈಗ ಇದೂ ಒಂದು ತಾಲ್ಲೂಕು.

ಇಲ್ಲಿ ಮನೆಯ ಬಿಕ್ಕಟ್ಟು ಬೇರೆ. ಇದು ನೇಕಾರರ ಊರು. ಪಟ್ಟೇದ ಅಂಚಿನ ಸೀರೆ ಎಂದರೆ ಗಜೇಂದ್ರಗಡ ಎನ್ನುವ ಕಾಲವಿತ್ತು, ಈಗ ಅದನ್ನು ಮತ್ತೆ ಹುಡುಕಿಕೊಂಡು ಬರುವವರೂ ಇದ್ದಾರೆ. ಕುಣಿಮಗ್ಗ ಇರುವುದು ಪಡಸಾಲೆಯಲ್ಲಿ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯಬೇಕು. ಹಾಸು ಹಿಡಿದು ಹತ್ತು ಹನ್ನೆರಡು ಅಡಿ ಜಾಗ ಮಗ್ಗಕ್ಕೇ ಹೋಗುತ್ತದೆ. ಪಕ್ಕದಲ್ಲಿ ರಾಟಿ, ಕಂಡಿಕೆ ಸುತ್ತುವ ಅತ್ತೆ, ಆಚೆ ಒಲೆ, ಪುಸ್ತಕ ಹಿಡಿದ ಮಗು. 270 ಚದರ ಅಡಿಯ ಮನೆಯಲ್ಲಿ ಮಗ್ಗ ಇಟ್ಟರೆ ಮನುಷ್ಯರು ಎಲ್ಲಿ, ಮನುಷ್ಯರು ಇದ್ದರೆ ಮಗ್ಗ ಎಲ್ಲಿ? ಕೈಮಗ್ಗದವರಿಗೆಂದು ಕೆಲಸದ ಶೆಡ್ಡು ಕಟ್ಟಿಕೊಳ್ಳಲು ಕೇಂದ್ರದ ನೆರವು ಬೇರೆಯಾಗಿ ಇದೆ. ಶೆಡ್ಡು ಕಟ್ಟಲು ಸ್ವಂತ ಜಾಗ ಬೇಕು, ಓಣಿಯಲ್ಲಿ ಒಂದಕ್ಕೊಂದು ಅಂಟಿದ ಮನೆಗಳಿಗೆ ಹಿತ್ತಲೂ ಇಲ್ಲ.

ನಾನು ಹೋದ ಮನೆಯಲ್ಲಿ ಮಗ್ಗ ನಿಂತಿತ್ತು. ಹಿಂದಿನ ವಾರದ ಮಳೆಗೆ ಕುಣಿಯೊಳಗೆ ನೀರು ಒಸರಿತ್ತು. ಅದನ್ನು ತಂಬಿಗೆಯಿಂದ ಮೊಗೆದು ಹಾಕಿ, ಬೂದಿ ಹರಡಿ, ಒಣಗಲೆಂದು ಕಾಯುತ್ತಿದ್ದರು. ನೇಯುವವರು ಆ ಮನೆಯ ಸೊಸೆ. ಹಸಿ ಕುಣಿಯಲ್ಲಿ ಕಾಲಿಟ್ಟು ಇಡೀ ದಿನ ಕೂತರೆ ಮೊಣಕಾಲು ಹಿಡಿಯುತ್ತದೆ, ನೂಲು ಮೆತ್ತಗಾಗಿ ಕಡಿಯುತ್ತದೆ. ಮಗ್ಗ ನಿಂತ ದಿನ ಕೂಲಿಯಿಲ್ಲ. "ಗ್ವಾಡಿ ಬಿದ್ದಿಲ್ಲರಿ, ಅದಕ್ಕ ಯಾರೂ ಬರೆದುಕೊಳ್ಳಲಿಲ್ಲ. ನಮ್ಮದು ಬಿದ್ದಿದ್ದು ದುಡಿಮಿ" ಎಂದರು. ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳಿದೆ. ಅವರಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಕುಣಿಯನ್ನು ಇನ್ನಷ್ಟು ಅಗೆದು ಒಳಗೆ ಕಲ್ಲು ಕಟ್ಟಿ ಸಿಮೆಂಟು ಮೆತ್ತಬೇಕು. ಹೊರಗೋಡೆಯ ಬುಡಕ್ಕೆ ಕಟ್ಟೆ ಕಟ್ಟಿ ಗಟಾರದ ನೀರು ಒಳಗೆ ಬಾರದಂತೆ ತಿರುಗಿಸಬೇಕು. ಕತ್ತಲೆಯಲ್ಲಿ ಎಳೆ ಕಾಣದೆ ಕಣ್ಣು ಸೋತಿವೆ, ಮಗ್ಗದ ಮೇಲೆ ಛಾವಣಿಯಲ್ಲಿ ಒಂದು ಗಾಜಿನ ಹಂಚು ಕೂರಿಸಬೇಕು. ಓಣಿಯ ಗೌಂಡಿಯನ್ನು ಕೇಳಿ ಅದರ ಖರ್ಚನ್ನೂ ಮಗಳ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಸಿಟ್ಟಿದ್ದರು. ಒಂದು ಹೊಸ ಮನೆಗೆ ಸರ್ಕಾರ ಕೊಡುವುದರ ಒಂದು ಸಣ್ಣ ಪಾಲು ಅದು.

ಅರ್ಜಿ ಬರೆದುಕೊಡ್ತೀರೇನ್ರಿ ಎಂದು ಅವರು ಕೇಳಿದಾಗ ಅಲ್ಲೇ ಚಾಪೆಯ ಮೇಲೆ ಕೂತೆ. ಮನೆಯಲ್ಲಿದ್ದ ಹಳೆಯ ಅರ್ಜಿ ನಮೂನೆಯನ್ನು ತಂದರು. ಅದರಲ್ಲಿ ಹೊಸ ಮನೆಗೆ ಒಂದು ಕಲಂ ಇತ್ತು, ಮಳೆಯಿಂದ ಬಿದ್ದ ಮನೆಗೆ ಇನ್ನೊಂದಿತ್ತು. ಅವರಿಗೆ ಬೇಕಾದದ್ದಕ್ಕೆ ಕಲಂ ಇರಲಿಲ್ಲ. ಮಗಳು ನೋಟುಬುಕ್ಕಿನಿಂದ ಒಂದು ಬಿಳಿಹಾಳೆ ಹರಿದುಕೊಟ್ಟಳು. ಪುರಸಭೆಯ ಮುಖ್ಯಾಧಿಕಾರಿಗಳಿಗೆ, ವಿಷಯ: ವಾಸದ ಮನೆ ಹಾಗೂ ಮಗ್ಗದ ಕುಣಿಯನ್ನು ಮುಂದಿನ ಮಳೆಗಾಲದ ಒಳಗಾಗಿ ದುರಸ್ತಿ ಮಾಡಿಕೊಳ್ಳಲು ಸಹಾಯಧನ ಕೋರಿ. ಕುಣಿ, ಕಟ್ಟೆ, ಗಾಜಿನ ಹಂಚು ಎಂದು ಮೂರೂ ಸಾಲು ಬರೆದೆ, ಪಕ್ಕದಲ್ಲಿ ಗೌಂಡಿಯ ಲೆಕ್ಕ. ಓದಿ ಹೇಳಿದೆ. ಅವರು ಕೇಳಿಸಿಕೊಂಡು, ಪಕ್ಕದ ಮನೆಯಲ್ಲೂ ಎದುರು ಮನೆಯಲ್ಲೂ ಕುಣಿ ಹಸಿಯಾಗಿದೆ, ಅವರ ಹೆಸರನ್ನೂ ಸೇರಿಸಿ ಎಂದರು, ಮತ್ತು ಅವರನ್ನು ಕರೆದುಕೊಂಡು ಬರಲು ಮಗಳನ್ನು ಕಳಿಸಿದರು.